ಹೀಟ್ ಶ್ರಿಂಕ್ ಸ್ಲೀವ್: ಸರಿಯಾದ ಸಾಧನದ ಆಯ್ಕೆ

ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕದಿದ್ದರೆ ಅದು ಹುಳಿತು ಗುಣಮಟ್ಟ ಕುಂದುತ್ತದೆ. ಆದುದರಿಂದ ಕೊಡಗಿನ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಪಲ್ಪರ್ ಮೋಟಾರಿನ ತಂತಿಜೋಡಣೆಗೆ ತೇವ ಸೇರಿ ಯಂತ್ರ ನಿಂತರೆ, ನಷ್ಟವು ರಿಪೇರಿಯ ಕೂಲಿಗಷ್ಟೇ ಸೀಮಿತವಾಗದು.

ಇಂತಹ ಜೋಡಣೆಗಳಿಗೆ ತೊಡಿಸುವ ಸಾಮಾನ್ಯ ಪಾಲಿಒಲೆಫಿನ್ ಸ್ಲೀವ್ ಸುಮಾರು 90ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕುಗ್ಗುತ್ತದೆ. ಲೈಟರಿನ ಜ್ವಾಲೆ ಇದಕ್ಕಿಂತ ಹಲವು ಪಟ್ಟು ಬಿಸಿ. ಅದರಿಂದ ಸ್ಲೀವಿನ ಒಂದು ಬದಿ ಸುಟ್ಟು, ಮತ್ತೊಂದು ಬದಿ ಸಡಿಲವಾಗಿಯೇ ಉಳಿಯುವುದುಂಟು. ಮೇಲೆ ಕೂತ ಮಸಿಯಿಂದ ದೋಷವೂ ಕಾಣದು. ಕೂದಲು ಒಣಗಿಸುವ ಡ್ರೈಯರಿನ ಶಾಖ ಬಹುಮಟ್ಟಿಗೆ ಸಾಲದು.

ವರ್ಕ್‌ಶಾಪಿಗೆ ಶಾಖವನ್ನು ಹೊಂದಿಸಬಹುದಾದ ಹಾಟ್ ಏರ್ ಗನ್, ಬಿಸಿಗಾಳಿಯನ್ನು ಸ್ಲೀವಿನ ಸುತ್ತ ಹಾಯಿಸುವ ಬಾಗಿದ ನಳಿಕೆಯೊಡನೆ, ಯೋಗ್ಯವಾದುದು. ವಿದ್ಯುತ್ ಸಿಗದ ಕಡೆ ಗ್ಯಾಸಿನಿಂದ ನಡೆಯುವ ಬಿಸಿಗಾಳಿಯ ಸಾಧನ ಒದಗುತ್ತದೆ. ಡೀಸೆಲ್, ಪೆಟ್ರೋಲ್ ಇರುವಲ್ಲಿ ಅದನ್ನು ಹೊತ್ತಿಸಬಾರದು. ನೀರು ತಗಲುವ ಜೋಡಣೆಗೆ ಒಳಗೆ ಅಂಟು ಲೇಪಿಸಿದ ಸ್ಲೀವ್ ಬಳಸಿ, ಮಧ್ಯದಿಂದ ತುದಿಗಳತ್ತ, ಎರಡೂ ತುದಿಯಲ್ಲಿ ಅಂಟು ಇಣುಕುವವರೆಗೆ ಕಾಯಿಸಬೇಕು.

ಗನ್ನಿನ ಬೆಲೆಯನ್ನು ಲೈಟರಿನ ಬೆಲೆಯೊಡನೆ ಹೋಲಿಸುವುದು ಸರಿಯಾದ ಲೆಕ್ಕವಲ್ಲ. ಕೊಯ್ಲಿನ ಒಂದು ದಿನ ಯಂತ್ರ ನಿಂತರೆ ಆಗುವ ನಷ್ಟದೊಡನೆ ಅದನ್ನು ತೂಗಿ ನೋಡುವುದೇ ವ್ಯವಹಾರದ ಜಾಣತನ.