ನಗೆಯ ಉಯಿಲು

ನಮ್ಮ ನಾಡಿನಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿಬರುತ್ತೇನೆ' ಎನ್ನುತ್ತಾರೆ. ಬೀಳ್ಕೊಡುವ ಹಿರಿಯರೂ 'ಹೋಗಿ ಬಾ' ಎಂದೇ ಹರಸುತ್ತಾರೆ. ಅಗಲಿಕೆಯ ನೋವನ್ನು ಮತ್ತೆ ಕೂಡುವ ಆಸೆಯಿಂದ ಮರೆಸುವ ಜಾಣ್ಮೆ ಈ ಮಾತುಗಳಲ್ಲಿ ಅಡಗಿದೆ. ಆದರೆ ಓದು ಮುಗಿಸಿ ಶಾಲೆಯನ್ನು ಬಿಡುವ ವಿದ್ಯಾರ್ಥಿಗೆ ಈ ಮಾತು ಪೂರ್ತಿಯಾಗಿ ಒಪ್ಪುವುದಿಲ್ಲ. ಅವನು ಮುಂದೆ ಎಂದಾದರೂ ಶಾಲೆಯನ್ನು ನೋಡಲು ಬಂದಾನು; ಅದೇ ಬೆಂಚಿನಲ್ಲಿ, ಅದೇ ಗೆಳೆಯರ ನಡುವೆ, ಅದೇ ವಿದ್ಯಾರ್ಥಿಯಾಗಿ ಮತ್ತೊಮ್ಮೆ ಕುಳಿತುಕೊಳ್ಳಲಾರ. ಹಲವು ವರ್ಷ ಒಟ್ಟಿಗೆ ಓದಿ, ಆಡಿ, ಜಗಳವಾಡಿ ಬೆಳೆದವರು ಒಂದೇ ದಿನದಲ್ಲಿ ನಾಲ್ಕು ದಿಕ್ಕಿಗೆ ಚದುರಿಹೋಗುತ್ತಾರೆ. ಆ ದಿನದ ಭಾರವನ್ನು ಹಗುರ ಮಾಡಿಕೊಳ್ಳಲು ಬೇರೆ ಬೇರೆ ನಾಡಿನ ಮಕ್ಕಳು ಬೇರೆ ಬೇರೆ ದಾರಿಗಳನ್ನು ಕಂಡುಕೊಂಡಿದ್ದಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ ಮಕ್ಕಳು ಕಂಡುಕೊಂಡ ದಾರಿ ನಗೆಯದು.

ಆ ದೇಶದಲ್ಲಿ ಶಾಲೆಯ ಓದು ಹನ್ನೆರಡನೆಯ ತರಗತಿಗೆ ಮುಗಿಯುತ್ತದೆ. ಆಗ ವಿದ್ಯಾರ್ಥಿಗಳಿಗೆ ಹದಿನೇಳು ಹದಿನೆಂಟು ವರ್ಷ ವಯಸ್ಸು. ಮೇ ಇಲ್ಲವೆ ಜೂನ್ ತಿಂಗಳಲ್ಲಿ ಅವರು ನಿಲುವಂಗಿ ತೊಟ್ಟು, ಚೌಕಾಕಾರದ ಟೋಪಿ ಧರಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಆ ವರ್ಷದ ನೆನಪಿಗಾಗಿ ಎಲ್ಲರ ಭಾವಚಿತ್ರಗಳಿರುವ ವಾರ್ಷಿಕ ಸಂಚಿಕೆಯೊಂದು ಅಚ್ಚಾಗುತ್ತದೆ. ಹೊರಡುವ ತರಗತಿಯವರು ತಮ್ಮ ತಮ್ಮಲ್ಲಿಯೇ ಕೆಲವರನ್ನು ಆರಿಸಿ, ಒಬ್ಬರಿಗೆ ತರಗತಿಯ ಇತಿಹಾಸವನ್ನೂ, ಒಬ್ಬರಿಗೆ ಕವನವನ್ನೂ, ಒಬ್ಬರಿಗೆ ಉಯಿಲನ್ನೂ, ಮತ್ತೊಬ್ಬರಿಗೆ ಭವಿಷ್ಯವಾಣಿಯನ್ನೂ ಬರೆಯುವ ಹೊಣೆ ಹೊರಿಸುವುದು ಅಲ್ಲಿಯ ಹಳೆಯ ವಾಡಿಕೆ. 19ನೆಯ ಶತಮಾನದಲ್ಲಿ ಕಾಲೇಜುಗಳಲ್ಲಿ ಬೆಳೆದ ಈ ಪದ್ಧತಿ ಕ್ರಮೇಣ ಪ್ರೌಢಶಾಲೆಗಳಿಗೂ ಇಳಿದು ಬಂದಿತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಸಣ್ಣ ಊರುಗಳ ಶಾಲೆಗಳಲ್ಲಿಯೂ ಬೇರೂರಿತ್ತು.

ಇವುಗಳಲ್ಲಿ ಉಯಿಲಿನ ಸ್ವಾರಸ್ಯವನ್ನು ಮೊದಲು ನೋಡೋಣ. ಆಸ್ತಿವಂತರು ತಮ್ಮ ಕಾಲಾನಂತರ ಯಾರಿಗೆ ಏನು ಸೇರಬೇಕೆಂದು ಬರೆದಿಡುವ ಪತ್ರವೇ ಉಯಿಲು. ಹದಿನೇಳು ವರ್ಷದ ಹುಡುಗರಿಗೆ ಆಸ್ತಿ ಎಲ್ಲಿಯದು? ಆದುದರಿಂದ ಅವರು ಶಾಲೆಯಲ್ಲಿ ತಾವು ಅನುಭವಿಸಿದ್ದನ್ನೇ ಆಸ್ತಿಯೆಂದು ಎಣಿಸಿ, ನ್ಯಾಯಾಲಯದ ಗಂಭೀರ ಭಾಷೆಯಲ್ಲಿ ಕಿರಿಯ ತರಗತಿಯವರಿಗೆ ಹಂಚುತ್ತಾರೆ. ಅಂಥ ಉಯಿಲನ್ನು ನಮ್ಮ ಪತ್ರಬರಹಗಾರರ ಧಾಟಿಯಲ್ಲಿ ಬರೆದರೆ ಹೀಗಿದ್ದೀತು:

"ಈ ಶಾಲೆಯ ಕೊನೆಯ ತರಗತಿಯವರಾದ ನಾವು, ಪರೀಕ್ಷೆ ಬರೆದ ಮೇಲೂ ಅಳಿಯದೆ ಉಳಿದಿರುವ ಸ್ವಸ್ಥ ಬುದ್ಧಿಯಿಂದಲೂ, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದಲೂ ಬರೆದ ಉಯಿಲಿನ ಕ್ರಮವೇನೆಂದರೆ: ಕಿಟಕಿಯ ಪಕ್ಕದ ಕೊನೆಯ ಬೆಂಚನ್ನು, ಅಲ್ಲಿಗೆ ಬೀಸುವ ಗಾಳಿ, ಅಲ್ಲಿಂದ ಕಾಣುವ ಆಟದ ಮೈದಾನ, ಅಲ್ಲಿ ತಾನಾಗಿ ಬರುವ ನಿದ್ರೆ ಸಮೇತ ಕಿರಿಯರಿಗೆ ಬಿಟ್ಟಿದ್ದೇವೆ. ಗಣಿತದ ಗುರುಗಳ ಪ್ರಶ್ನೆ ತಮ್ಮ ಕಡೆಗೆ ತಿರುಗುವ ಹೊತ್ತಿಗೆ ಸರಿಯಾಗಿ ಪೆನ್ಸಿಲನ್ನು ಕೆಳಗೆ ಬೀಳಿಸಿ ಬಗ್ಗುವ ವಿದ್ಯೆಯನ್ನು, ಅದರ ಅವಶ್ಯಕತೆ ಇರುವವರೆಲ್ಲರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ನಮ್ಮಲ್ಲಿ ಎಲ್ಲರಿಗಿಂತ ಎತ್ತರದವನಾದ ಗೆಳೆಯನು, ಪ್ರಯೋಗಶಾಲೆಯ ಬಾಗಿಲಿಗೆ ದಿನವೂ ತಲೆ ಬಡಿಸಿಕೊಳ್ಳುವ ತನ್ನ ಹಕ್ಕನ್ನು, ಅಷ್ಟು ಎತ್ತರಕ್ಕೆ ಬೆಳೆಯುವ ಮುಂದಿನವನಿಗೆ ಬಿಟ್ಟಿದ್ದಾನೆ. ಮೇಲ್ಕಂಡ ಸ್ವತ್ತುಗಳನ್ನು ಕಿರಿಯರು ತರಗತಿಯಿಂದ ತರಗತಿಗೆ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು."

ಭವಿಷ್ಯವಾಣಿಯ ಬಗೆ ಬೇರೆ. ಅದನ್ನು ಬರೆಯುವವನು ಇಪ್ಪತ್ತು ವರ್ಷಗಳಾಚೆಗೆ ಕನಸಿನಲ್ಲಿ ಹೋಗಿ ಬಂದಂತೆಯೋ, ಮುಂದಿನ ಕಾಲದ ವೃತ್ತಪತ್ರಿಕೆಯೊಂದು ತನ್ನ ಕೈಗೆ ಸಿಕ್ಕಿದಂತೆಯೋ ನಟಿಸುತ್ತಾನೆ. ಅಲ್ಲಿ ಅವನಿಗೆ ತನ್ನ ಸಹಪಾಠಿಗಳು ಒಬ್ಬೊಬ್ಬರಾಗಿ ಕಾಣಸಿಗುತ್ತಾರೆ. ಒಂದು ದಿನವೂ ಹೊತ್ತಿಗೆ ಸರಿಯಾಗಿ ತರಗತಿಗೆ ಬಾರದವನು ರೈಲು ನಿಲ್ದಾಣದ ಅಧಿಕಾರಿಯಾಗಿ, ಒಂದು ನಿಮಿಷ ತಡವಾದ ಪ್ರಯಾಣಿಕನನ್ನು ಗದರಿಸುತ್ತಿದ್ದಾನೆ. ನಾಲ್ಕು ವರ್ಷ ಬಾಯಿ ತೆರೆಯದೆ ಕುಳಿತಿದ್ದ ಹುಡುಗಿ ನ್ಯಾಯಾಧೀಶೆಯಾಗಿ, ವಾಚಾಳಿ ವಕೀಲರ ಬಾಯಿ ಮುಚ್ಚಿಸುತ್ತಿದ್ದಾಳೆ. ಗೆಳೆಯರ ಬುತ್ತಿಯನ್ನೆಲ್ಲ ಖಾಲಿ ಮಾಡುತ್ತಿದ್ದವನು ಹೋಟೆಲಿನ ಮಾಲೀಕನಾಗಿದ್ದಾನೆ. ಆದರೆ ಹಳೆಯ ಸಹಪಾಠಿಗಳಿಂದ ಅವನು ಹಣ ತೆಗೆದುಕೊಳ್ಳುವುದಿಲ್ಲ, ಹಳೆಯ ಸಾಲ ತೀರಿಸುತ್ತಿದ್ದಾನೆ. ಹೀಗೆ ಭವಿಷ್ಯವಾಣಿ ಇಂದಿನ ಗುಣವನ್ನು ತಲೆಕೆಳಗು ಮಾಡಿಯೋ, ಬೆಟ್ಟದಷ್ಟು ಬೆಳೆಸಿಯೋ ನಗೆಯನ್ನು ಹುಟ್ಟಿಸುತ್ತದೆ.

ಹೊರನೋಟಕ್ಕೆ ಇದೆಲ್ಲ ಹುಡುಗಾಟವೆಂದು ತೋರಬಹುದು. ಸ್ವಲ್ಪ ಯೋಚಿಸಿದರೆ ಇದರ ಒಳಗಿರುವ ಭಾವ ಹೊಳೆಯುತ್ತದೆ. ಉಯಿಲು ಬರೆಯುವವನು ಇನ್ನು ತಾನು ಇರುವುದಿಲ್ಲವೆಂದು ಒಪ್ಪಿಕೊಂಡವನು. ತರಗತಿಯೂ ಆ ದಿನಕ್ಕೆ ಇಲ್ಲವಾಗುತ್ತದೆ. ಅದರಲ್ಲಿದ್ದವರು ಇರುತ್ತಾರೆ, ಆದರೆ ಆ ಕೂಟ ಮತ್ತೆ ಕೂಡುವುದಿಲ್ಲ. ಆ ಮಾತನ್ನು ನೇರವಾಗಿ ಹೇಳಿದರೆ ಕಣ್ಣು ತುಂಬೀತು. ನಗೆಯ ಮರೆಯಲ್ಲಿ ಹೇಳಿದರೆ ಕೇಳುವುದು ಸುಲಭ. ಭವಿಷ್ಯವಾಣಿಯ ಹಿಂದೆಯೂ ಒಂದು ಅಂಜಿಕೆಯಿದೆ. 'ನಾಳೆ ನಾನು ಏನಾಗುವೆನು?' ಎಂಬ ಪ್ರಶ್ನೆ ಆ ವಯಸ್ಸಿನ ಎಲ್ಲರ ಎದೆಯಲ್ಲಿಯೂ ಇರುತ್ತದೆ. ಅದಕ್ಕೆ ಯಾರಲ್ಲಿಯೂ ಉತ್ತರವಿಲ್ಲವಾದುದರಿಂದ, ಎಲ್ಲರೂ ಸೇರಿ ಒಂದು ಸುಳ್ಳು ಉತ್ತರವನ್ನು ಕಟ್ಟಿ ನಗುತ್ತಾರೆ.

ನಿಜವಾದ ಉತ್ತರ ಎಷ್ಟು ನಿಧಾನವಾಗಿ ಬರುತ್ತದೆಂಬುದಕ್ಕೆ ಒಂದು ನಿದರ್ಶನವಿದೆ. 1892ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪ್ರೌಢಶಾಲೆಯಿಂದ ರಾಬರ್ಟ್ ಫ್ರಾಸ್ಟ್ ಎಂಬ ವಿದ್ಯಾರ್ಥಿ ತೇರ್ಗಡೆಯಾದನು. ಆ ವರ್ಷದ ತರಗತಿಯ ಕವಿ ಅವನೇ. ಕವಿ ಎಂಬ ಪದವಿಯೇನೋ ಹದಿನೆಂಟನೆಯ ವಯಸ್ಸಿನಲ್ಲಿಯೇ ಸಿಕ್ಕಿತು. ಅದು ನಿಜವಾಗಲು ಬಹುಕಾಲ ಬೇಕಾಯಿತು. ಅವನು ಗಿರಣಿಯಲ್ಲಿ ದುಡಿದನು, ಪಾಠ ಹೇಳಿದನು, ಹಳ್ಳಿಯ ತೋಟದಲ್ಲಿ ಕೋಳಿಗಳನ್ನು ಸಾಕಿದನು. ಅವನ ಮೊದಲ ಕವನಸಂಗ್ರಹ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1913ರಲ್ಲಿ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಮುಂದೆ ಪುಲಿಟ್ಜರ್ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದ ಮಹಾಕವಿಯನ್ನು, ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದ ದಿನಗಳಲ್ಲಿ ಕಂಡ ಸಹಪಾಠಿ ಯಾರಾದರೂ 'ನಮ್ಮ ಮಾತು ಸುಳ್ಳಾಯಿತು' ಎಂದುಕೊಂಡಿದ್ದರೆ ಆಶ್ಚರ್ಯವಿರಲಿಲ್ಲ.

ಇನ್ನೊಂದು ನಿದರ್ಶನ ಇದಕ್ಕಿಂತಲೂ ಮನಕಲಕುವಂಥದು. ಷಿಕಾಗೋ ನಗರದ ಸಮೀಪದಲ್ಲಿ ಓಕ್ ಪಾರ್ಕ್ ಎಂಬ ಊರಿದೆ. 1917ರಲ್ಲಿ ಅಲ್ಲಿಯ ಪ್ರೌಢಶಾಲೆಯಿಂದ ಹೊರಟ ತರಗತಿಗೆ ಭವಿಷ್ಯವಾಣಿ ಬರೆದವನು ಹದಿನೇಳು ವರ್ಷದ ಅರ್ನೆಸ್ಟ್ ಹೆಮಿಂಗ್ವೇ. ಅವನು ಶಾಲೆಯ ಪತ್ರಿಕೆಯಲ್ಲಿ ಬರೆದು ಪಳಗಿದ್ದ ಚುರುಕು ಹುಡುಗ. ಅವನ ಭವಿಷ್ಯವಾಣಿ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಆದರೆ ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಧುಮುಕಿತ್ತು. ಆ ವರ್ಷ ಅಮೆರಿಕದ ಶಾಲೆಗಳಲ್ಲಿ ನಾಳೆಯನ್ನು ಕುರಿತು ನಕ್ಕ ಮಕ್ಕಳೆಲ್ಲರ ಮುಂದೆ ಆ ಯುದ್ಧದ ನೆರಳು ಚಾಚಿಕೊಂಡಿತ್ತು.

ಗೆಳೆಯರಿಗೆಲ್ಲ ಭವಿಷ್ಯ ನುಡಿದ ಆ ಹುಡುಗನಿಗೆ ತನ್ನ ಭವಿಷ್ಯ ತಿಳಿದಿರಲಿಲ್ಲ. ಅವನು ಕೆಲವು ತಿಂಗಳು ಕ್ಯಾನ್ಸಸ್ ಸಿಟಿಯ ಪತ್ರಿಕೆಯೊಂದರಲ್ಲಿ ವರದಿಗಾರನಾಗಿ ದುಡಿದು, ರೆಡ್‌ಕ್ರಾಸ್ ಸಂಸ್ಥೆಯ ಗಾಯಾಳು ವಾಹನವನ್ನು ನಡೆಸಲು ಇಟಲಿಯ ಯುದ್ಧಭೂಮಿಗೆ ಹೋದನು. 1918ರ ಜುಲೈ 8ರಂದು ಸೈನಿಕರಿಗೆ ತಿನಿಸು ಹಂಚಲು ಮುಂಚೂಣಿಗೆ ಹೋಗಿದ್ದಾಗ ಶತ್ರುಗಳ ಗುಂಡು ಸಿಡಿದು ಅವನ ಕಾಲುಗಳು ತೀವ್ರವಾಗಿ ಗಾಯಗೊಂಡವು. ಅವನಿಗೆ ಹತ್ತೊಂಬತ್ತು ತುಂಬಲು ಇನ್ನೂ ಎರಡು ವಾರ ಉಳಿದಿತ್ತು. ಶಾಲೆಯನ್ನು ಬಿಟ್ಟು ಸುಮಾರು ಹದಿಮೂರು ತಿಂಗಳಾಗಿತ್ತು. ಆ ಯುದ್ಧದ ಅನುಭವದಿಂದಲೇ ಮುಂದೆ 1929ರಲ್ಲಿ 'ಎ ಫೇರ್‌ವೆಲ್ ಟು ಆರ್ಮ್ಸ್' ಎಂಬ ಕಾದಂಬರಿ ಹುಟ್ಟಿತು. ಅದರ ಹೆಸರಿನಲ್ಲಿಯೂ ಬೀಳ್ಕೊಡುಗೆಯ ಮಾತಿದೆ. ಆದರೆ ಅದು ಶಾಲೆಯ ಅಂಗಳದ ನಗೆಯ ಬೀಳ್ಕೊಡುಗೆಯಲ್ಲ. 1954ರಲ್ಲಿ ಹೆಮಿಂಗ್ವೇಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಗಾಯವಾಗಲಿ ಈ ಕೀರ್ತಿಯಾಗಲಿ 1917ರ ಜೂನ್ ತಿಂಗಳಲ್ಲಿ ಯಾರ ಕಣ್ಣಿಗೆ ಕಾಣುತ್ತಿತ್ತು?

ಹಾಗಾದರೆ ಇಂಥ ಭವಿಷ್ಯವಾಣಿಯಿಂದ ಪ್ರಯೋಜನವೇನು? ಅದು ನಂಬುವುದಕ್ಕಲ್ಲ, ನಗುವುದಕ್ಕೆ. ಈ ಎಚ್ಚರ ತಪ್ಪಿದಾಗ ಮಾತ್ರ ಅಪಾಯ. ಅಮೆರಿಕದ ಶಾಲೆಗಳಲ್ಲಿ 'ಮುಂದೆ ಯಶಸ್ವಿಯಾಗುವವರು ಯಾರು', 'ಅತ್ಯಂತ ಹಾಸ್ಯಗಾರರು ಯಾರು' ಎಂದು ಮತ ಹಾಕಿ ಬಿರುದು ಕೊಡುವ ರೂಢಿಯೂ ಉಂಟು. ಬಿರುದು ಪಡೆದವನಿಗೆ ಅದು ಹೊರೆಯಾಗಬಹುದು. ಪಡೆಯದವನು 'ನನ್ನಿಂದ ಏನೂ ಆಗದು' ಎಂದುಕೊಳ್ಳಬಹುದು. ಉಯಿಲಿನ ನೆಪದಲ್ಲಿ ಹಳೆಯ ಹಗೆಯನ್ನು ತೀರಿಸಿಕೊಳ್ಳುವವರೂ ಇರುತ್ತಾರೆ. ಆದುದರಿಂದಲೇ ಅಲ್ಲಿ ಇಂಥ ಬರಹಗಳನ್ನು ಅಚ್ಚಿಗೆ ಕೊಡುವ ಮೊದಲು ಶಿಕ್ಷಕರೊಬ್ಬರು ಓದಿ ನೋಡುವುದುಂಟು.

ಈ ವಿಚಾರ ನಮಗೆ ದೂರದ್ದೇನೂ ಅಲ್ಲ. ನಮ್ಮ ಶಾಲೆಗಳಲ್ಲಿಯೂ ವರ್ಷದ ಕೊನೆಗೆ ಬೀಳ್ಕೊಡುಗೆ ಸಮಾರಂಭ ನಡೆಯುತ್ತದೆ. ಹತ್ತನೆಯ ತರಗತಿಯವರನ್ನು ಬೀಳ್ಕೊಡುವ ಹೊಣೆ ಸಾಮಾನ್ಯವಾಗಿ ಒಂಬತ್ತನೆಯ ತರಗತಿಯವರದೇ. ಕೆಲವೆಡೆ ಹೊರಡುವವರ ಮೇಲೆ ಚೀಟಿಗಳಲ್ಲಿ ಚಟಾಕಿ ಬರೆದು, ಒಂದೊಂದನ್ನಾಗಿ ಎತ್ತಿ ಸಭೆಯಲ್ಲಿ ಓದುತ್ತಾರೆ. ಇದಕ್ಕೆ 'ಫಿಷ್‌ಪಾಂಡ್' ಎಂದು ಹೆಸರು. ಆಟೋಗ್ರಾಫ್ ಪುಸ್ತಕದಲ್ಲಿ ಹಾರೈಕೆಯ ಜೊತೆಗೆ ಒಂದು ಕೀಟಲೆಯ ಸಾಲನ್ನೂ ಸೇರಿಸುವುದುಂಟು. ನೀವು ಅಂಥ ಚೀಟಿಯನ್ನು ಬರೆಯಲು ಕುಳಿತಾಗ ಒಂದು ಮಾತನ್ನು ನೆನಪಿಡಿ. ತಡವಾಗಿ ಬರುವುದು, ಪಾಠದ ನಡುವೆ ತೂಕಡಿಸುವುದು, ಗೆಳೆಯರ ಬುತ್ತಿಗೆ ಕೈ ಹಾಕುವುದು, ಇವು ಮನುಷ್ಯ ತಾನಾಗಿ ಮಾಡುವ ಕೆಲಸಗಳು, ಬೇಕೆಂದರೆ ಬಿಡಬಹುದಾದವು. ಇವುಗಳನ್ನು ಕುರಿತು ನಕ್ಕರೆ ಅವನೂ ನಗುತ್ತಾನೆ. ಮೈಬಣ್ಣ, ಕುಳ್ಳು ದೇಹ, ತೊದಲು ಮಾತು, ಮನೆಯ ಬಡತನ, ಜಾತಿ, ಇವು ಅವನು ಆರಿಸಿಕೊಂಡವಲ್ಲ. ಇವುಗಳನ್ನು ಕುರಿತು ನಕ್ಕರೆ ಸಭೆ ನಕ್ಕೀತು. ಅವನೂ ಮರ್ಯಾದೆಗಾಗಿ ತುಟಿ ಅಲುಗಿಸಿಯಾನು. ಆದರೆ ಅದು ಕೊನೆಯ ದಿನ; ಮರುದಿನ ಕ್ಷಮೆ ಕೇಳಲು ಅವನು ಶಾಲೆಗೆ ಬರುವುದಿಲ್ಲ.

ಹತ್ತನೆಯ ತರಗತಿಯಿಂದ ಹೊರಡುವವರಲ್ಲಿ ಕೆಲವರು ಕಾಲೇಜಿಗೆ ಹೋಗುತ್ತಾರೆ. ಕೆಲವರು ಹೊಲಕ್ಕೋ, ಅಂಗಡಿಗೋ, ಕೈಕಸುಬಿಗೋ ತಿರುಗುತ್ತಾರೆ. ಯಾರ ಬಾಳು ಎಲ್ಲಿ ಅರಳುವುದೆಂದು ಇಂದೇ ಹೇಳಬಲ್ಲವರು ಯಾರೂ ಇಲ್ಲ. ಓಕ್ ಪಾರ್ಕಿನ ಆ ಚುರುಕು ಹುಡುಗನೂ ಹೇಳಲಾರದೆ ಹೋದ ಮಾತು ಅದು. ಆದುದರಿಂದ ಹೊರಡುವವರಿಗೆ ನಾವು ಕೊಡಬಹುದಾದ ಒಳ್ಳೆಯ ಉಡುಗೊರೆಯೆಂದರೆ, ಅವರೂ ನಮ್ಮೊಡನೆ ನಗಬಲ್ಲ ಒಂದು ಮಾತು. ಇಪ್ಪತ್ತು ವರ್ಷಗಳ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಆ ಚೀಟಿ ಸಿಕ್ಕಿದಾಗ, ಅದನ್ನು ಓದಿದವರ ಮುಖದಲ್ಲಿ ಮತ್ತೊಮ್ಮೆ ನಗೆ ಮೂಡಬೇಕು. ಶಾಲೆಯಿಂದ ಹೊರಟವರೂ ಒಂದು ಬಗೆಯಲ್ಲಿ 'ಹೋಗಿಬರುವುದು' ಹೀಗೆಯೇ.

ಅಭ್ಯಾಸ

1. ಶಾಲೆಯಿಂದ ಹೊರಡುವವರಿಗೆ 'ಹೋಗಿ ಬಾ' ಎಂಬ ಮಾತು ಪೂರ್ತಿಯಾಗಿ ಒಪ್ಪುವುದಿಲ್ಲವೇಕೆ? ಪಾಠದ ಕೊನೆಯಲ್ಲಿ ಅದೇ ಮಾತಿಗೆ ಯಾವ ಹೊಸ ಅರ್ಥ ಬಂದಿದೆ?
2. ತರಗತಿಯ ಉಯಿಲಿಗೂ ಭವಿಷ್ಯವಾಣಿಗೂ ಇರುವ ವ್ಯತ್ಯಾಸವೇನು?
3. ಫ್ರಾಸ್ಟ್ ಮತ್ತು ಹೆಮಿಂಗ್ವೇ ಅವರ ಜೀವನದಿಂದ ಲೇಖಕರು ಯಾವ ಮಾತನ್ನು ಸಮರ್ಥಿಸುತ್ತಾರೆ?
4. ನಗಬಹುದಾದುದು, ನಗಬಾರದುದು ಯಾವುದೆಂದು ಈ ಪಾಠ ಹೇಗೆ ವಿಂಗಡಿಸುತ್ತದೆ? ನೀವು ಅದನ್ನು ಒಪ್ಪುವಿರಾ?
5. ನಿಮ್ಮ ತರಗತಿಯ ಪರವಾಗಿ ಕಿರಿಯರಿಗೆ ಹತ್ತು ಸಾಲುಗಳ ಒಂದು ನಗೆಯ ಉಯಿಲನ್ನು ಬರೆಯಿರಿ.