ಎಲ್ಲೆ ಮೀರಿದ ಕರೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ನೀಡುವ ಭಾಷೆಗಳಲ್ಲಿ ‘ಸಿ’ ಎಂಬುದು ಬಹು ಪ್ರಸಿದ್ಧವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ಇದನ್ನು ರೂಪಿಸಿದರು. ಈ ಭಾಷೆಯಲ್ಲಿ ಒಂದು ಫಂಕ್ಷನ್ ತನ್ನನ್ನೇ ತಾನು ಕರೆಯಬಹುದು. ಇದಕ್ಕೆ ರಿಕರ್ಷನ್ ಎಂದು ಹೆಸರು. 1ರಿಂದ 5ರವರೆಗಿನ ಸಂಖ್ಯೆಗಳ ಗುಣಲಬ್ಧ ಬೇಕಾದರೆ, 1ರಿಂದ 4ರವರೆಗಿನ ಗುಣಲಬ್ಧವನ್ನು ಕಂಡುಹಿಡಿದು 5ರಿಂದ ಗುಣಿಸಿದರಾಯಿತು. ಹೀಗೆ ಇಳಿಯುತ್ತ 1ನ್ನು ಮುಟ್ಟಿದಾಗ ಕರೆ ನಿಲ್ಲುತ್ತದೆ. ಆದರೆ ಯಾರಾದರೂ ಮೊದಲಿಗೇ 0 ಕೊಟ್ಟರೆ? −1, −2, −3 ಎಂದು ಇಳಿಯುತ್ತಲೇ ಹೋಗುವುದು. 1 ಎದುರಾಗುವುದೇ ಇಲ್ಲ.

ಪ್ರತಿ ಕರೆಯೂ ತಾನು ಎಲ್ಲಿಗೆ ಹಿಂದಿರುಗಬೇಕು, ತನ್ನ ಬೆಲೆಗಳು ಯಾವುವು ಎಂಬುದನ್ನು ಸ್ಮೃತಿಯಲ್ಲಿ ಬರೆದಿಡಬೇಕಷ್ಟೆ. ಆ ಸ್ಥಳವೇ ಸ್ಟ್ಯಾಕ್. ಮದುವೆಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳಂತೆ ಇಲ್ಲಿ ಕೊನೆಗೆ ಇಟ್ಟುದನ್ನೇ ಮೊದಲು ತೆಗೆಯಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಸಾಮಾನ್ಯವಾಗಿ 8 ಮೆಗಾಬೈಟ್ ಮಿತಿಯುಂಟು. ವಿಂಡೋಸ್‌ನಲ್ಲಿ 1 ಮೆಗಾಬೈಟ್. ಕರೆಯೊಂದಕ್ಕೆ 64 ಬೈಟ್ ತಗಲುವುದೆಂದು ಭಾವಿಸಿದರೆ 8 ಮೆಗಾಬೈಟಿನಲ್ಲಿ 1,31,072 ಕರೆಗಳು ಹಿಡಿಯುತ್ತವೆ. ಯಂತ್ರದ ವೇಗಕ್ಕೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಸ್ಟ್ಯಾಕ್ ತುಂಬಿದ ಮೇಲೆ ಏನಾಗಬೇಕೆಂದು ಸಿ ಭಾಷೆಯ ನಿಯಮಗ್ರಂಥ ವಿಧಿಸಿಲ್ಲ. ಆದುದರಿಂದ ಪರೀಕ್ಷಿಸಿಯೇ ತಿಳಿಯಬೇಕು. ಲಿನಕ್ಸ್‌ನಲ್ಲಿ ಸ್ಟ್ಯಾಕಿನ ಅಂಚಿನಾಚೆ ಮುಟ್ಟಬಾರದ ಕಾವಲು ಪ್ರದೇಶವೊಂದಿರುತ್ತದೆ. ಕರೆ ಅಲ್ಲಿಗೆ ಕಾಲಿಟ್ಟೊಡನೆ ವ್ಯವಸ್ಥೆಯು ಪ್ರೋಗ್ರಾಮಿಗೆ ಒಂದು ಸಂಕೇತವನ್ನು ಕಳುಹಿಸಿ ಅದನ್ನು ನಿಲ್ಲಿಸಿಬಿಡುತ್ತದೆ. ಸಾಯುವ ಮುನ್ನ ಲೆಕ್ಕಪತ್ರ ಉಳಿಸಿಕೊಳ್ಳಲು ಬಯಸುವ ಪ್ರೋಗ್ರಾಮು ಆ ಸಂಕೇತವನ್ನು ತಾನೇ ಸ್ವೀಕರಿಸಬಹುದು. ತೊಡಕಿರುವುದು ಇಲ್ಲಿಯೇ. ಸ್ವೀಕರಿಸುವ ಫಂಕ್ಷನ್ನಿಗೂ ಸ್ಟ್ಯಾಕ್ ಬೇಕು. ಅದು ಆಗಲೇ ಮುಗಿದಿದೆ! ಅದಕ್ಕಾಗಿ ‘ಸಿಗ್‌ಆಲ್ಟ್‌ಸ್ಟ್ಯಾಕ್’ ಎಂಬ ಆಜ್ಞೆಯಿಂದ ಬೇರೊಂದು ಸ್ಟ್ಯಾಕನ್ನು ಮೊದಲೇ ಕಾದಿರಿಸಬೇಕು.

ಪರೀಕ್ಷಕನು ಕಂಪೈಲರನ್ನೂ ಪೂರ್ಣವಾಗಿ ನಂಬಲಾಗದು. ವೇಗಕ್ಕಾಗಿ ಅದು ಇಂತಹ ರಿಕರ್ಷನ್ನನ್ನು ಸದ್ದಿಲ್ಲದೆ ಸಾಧಾರಣ ಲೂಪನ್ನಾಗಿ ಮಾರ್ಪಡಿಸಬಹುದು. ಆಗ ಸ್ಟ್ಯಾಕ್ ತುಂಬುವುದೇ ಇಲ್ಲ, ಪರೀಕ್ಷೆಯೂ ನಿರರ್ಥಕ. ಫಂಕ್ಷನ್ನಿನೊಳಗೆ ಬಹು ದೊಡ್ಡ ಅರೇ ಇದ್ದರೆ ಒಂದೇ ಜಿಗಿತಕ್ಕೆ ಕಾವಲನ್ನು ದಾಟುವ ಅಪಾಯವೂ ಉಂಟು. 2017ರಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಇದನ್ನು ತೋರಿಸಿಕೊಟ್ಟ ಮೇಲೆ ಲಿನಕ್ಸ್‌ನ ಕಾವಲು ಪ್ರದೇಶವನ್ನು 4 ಕಿಲೋಬೈಟಿನಿಂದ 1 ಮೆಗಾಬೈಟಿಗೆ ಹಿಗ್ಗಿಸಲಾಯಿತು.

ಆರ್ಡುಯಿನೋ ಊನೋದಂತಹ ಪುಟ್ಟ ಫಲಕಗಳ ಸ್ಥಿತಿ ಇನ್ನೂ ಕಠಿನ. ಅದರ ಒಟ್ಟು ಕಾರ್ಯಸ್ಮೃತಿಯೇ 2 ಕಿಲೋಬೈಟ್, ಕಾವಲಂತೂ ಇಲ್ಲ. ಸ್ಟ್ಯಾಕ್ ಮೆಲ್ಲನೆ ಇತರ ಬೆಲೆಗಳ ಮೇಲೆ ಬರೆದುಬಿಡುತ್ತದೆ. ಯಂತ್ರ ನಿಲ್ಲದೆ ತಪ್ಪು ಉತ್ತರವನ್ನೇ ಕೊಡುತ್ತ ಸಾಗಬಹುದು. ಇಂತಲ್ಲಿ ಬರಿದಾದ ಸ್ಮೃತಿಯನ್ನು ಗೊತ್ತಾದ ಒಂದು ಸಂಖ್ಯೆಯಿಂದ ಮೊದಲೇ ತುಂಬಿಟ್ಟು, ಪ್ರೋಗ್ರಾಮು ಕೆಲಸ ಮಾಡಿದ ಮೇಲೆ ಆ ಗುರುತು ಎಲ್ಲಿಯವರೆಗೆ ಅಳಿಸಿದೆಯೆಂದು ನೋಡಿ ಸ್ಟ್ಯಾಕಿನ ಆಳವನ್ನು ಅಳೆಯುತ್ತಾರೆ.