ವ್ಯವಹಾರದ ಇ-ಮೇಲ್: ಅಲಂಕಾರವೆಷ್ಟು, ಅಕ್ಷರವೆಷ್ಟು?

ದರಪಟ್ಟಿ, ಖರೀದಿ ಆದೇಶ, ಬಾಕಿಯ ಜ್ಞಾಪನಾಪತ್ರ ಮೊದಲಾದ ಪತ್ರವ್ಯವಹಾರಗಳ ಬಹುಭಾಗವು ಇಂದು ಇ-ಮೇಲ್ ಮೂಲಕವೇ ನಡೆಯುತ್ತಿದೆ. ಅದನ್ನು ಸಾದಾ ಅಕ್ಷರಗಳಲ್ಲಿ ಕಳುಹಿಸಬೇಕೇ, ಅಥವಾ ಬಣ್ಣ, ಕೋಷ್ಟಕ, ಚಿತ್ರಗಳಿಂದ ಕೂಡಿದ ಎಚ್‌ಟಿಎಂಎಲ್ ರೂಪದಲ್ಲಿ ಕಳುಹಿಸಬೇಕೇ ಎಂಬುದು ಕೇವಲ ಅಂದದ ಪ್ರಶ್ನೆಯಲ್ಲ. ಹಣದ ಪ್ರಶ್ನೆಯೂ ಹೌದು.

ನನ್ನ ಕಕ್ಷಿದಾರರಾದ ಸಣ್ಣ ಉತ್ಪಾದಕರೊಬ್ಬರು ಪರಿಷ್ಕೃತ ದರವನ್ನು ಕಳುಹಿಸುವಾಗ ಹಳೆಯ ದರವಾದ 455 ರೂ. ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 480 ರೂ. ಎಂದು ಕೆಂಪಕ್ಷರದಲ್ಲಿ ನಮೂದಿಸಿದ್ದರು. ಖರೀದಿದಾರರ ಗಣಕದಲ್ಲಿ ಆ ಪತ್ರವು ಸಾದಾ ರೂಪದಲ್ಲಿ ತೆರೆದುಕೊಂಡಿತು. ಗೆರೆಯೂ ಬಣ್ಣವೂ ಅಳಿದು ಎರಡು ಅಂಕಿಗಳು ಮಾತ್ರ ಉಳಿದವು. ಆದೇಶವು 455ಕ್ಕೇ ಬಂದಿತು. 600 ನಗಗಳ ಮೇಲೆ 15,000 ರೂ. ವ್ಯತ್ಯಾಸ! ತಪ್ಪು ಯಾರದೆಂದು ನಿರ್ಣಯಿಸುವುದು ಸುಲಭವಾಗಿರಲಿಲ್ಲ.

ಹೀಗಾಗಲು ಕಾರಣವಿದೆ. ಇ-ಮೇಲ್ ಮೂಲತಃ ಸಾದಾ ಅಕ್ಷರಗಳ ಮಾಧ್ಯಮ. 1992ರಲ್ಲಿ ಪ್ರಕಟವಾದ ಮೈಮ್ ಎಂಬ ಮಾನಕವು ಒಂದೇ ಸಂದೇಶದಲ್ಲಿ ಸಾದಾ ಪ್ರತಿ, ಅಲಂಕೃತ ಪ್ರತಿ ಎರಡನ್ನೂ ಇರಿಸಲು ಅವಕಾಶ ನೀಡಿತು. ಯಾವ ಪ್ರತಿಯನ್ನು ತೋರಿಸಬೇಕೆಂಬುದನ್ನು ನಿರ್ಧರಿಸುವುದು ಪಡೆಯುವವರ ತಂತ್ರಾಂಶವೇ ಹೊರತು ಕಳುಹಿಸುವವರಲ್ಲ.

ಅನುಕೂಲಗಳು

ಹತ್ತಾರು ಸರಕುಗಳ ದರ, ಪ್ರಮಾಣ, ತೆರಿಗೆಗಳನ್ನು ಕೋಷ್ಟಕದಲ್ಲಿ ಒಪ್ಪವಾಗಿ ತೋರಿಸಬಹುದು. ಹೊಸ ಉತ್ಪನ್ನದ ಚಿತ್ರವನ್ನು ಪತ್ರದೊಳಗೇ ಇಡಬಹುದು. ಸಂಸ್ಥೆಯ ಲಾಂಛನದಿಂದ ಪತ್ರಕ್ಕೆ ಗಾಂಭೀರ್ಯ ಬರುತ್ತದೆ.

ಅನನುಕೂಲಗಳು

1. ಎಲ್ಲೆಡೆ ಒಂದೇ ರೂಪದಲ್ಲಿ ಕಾಣುವುದಿಲ್ಲ. 2007ರ ಔಟ್‌ಲುಕ್ ಆವೃತ್ತಿಯು ಪತ್ರವನ್ನು ತೋರಿಸಲು ವರ್ಡ್ ತಂತ್ರಾಂಶದ ವಿಧಾನವನ್ನು ಅಳವಡಿಸಿಕೊಂಡ ಬಳಿಕ, ಬ್ರೌಸರಿನಲ್ಲಿ ಸರಿಯಾಗಿ ಕಂಡ ವಿನ್ಯಾಸವು ಅಲ್ಲಿ ಕೆಡುವುದು ಸಾಮಾನ್ಯವಾಯಿತು.

2. ಜಿಮೇಲ್, ಸುಮಾರು 102 ಕಿಲೋಬೈಟ್ ಮೀರಿದ ಸಂದೇಶದ ಕೊನೆಯ ಭಾಗವನ್ನು ಮರೆಮಾಡುತ್ತದೆ. ಪಾವತಿಯ ಷರತ್ತುಗಳನ್ನು ನಾವು ಬರೆಯುವುದು ಕೊನೆಯಲ್ಲಿಯೇ ಅಲ್ಲವೇ?

3. ಚಿತ್ರವು ಬೇರೊಂದು ಸರ್ವರಿನಲ್ಲಿದ್ದು, ಮುಂದೆ ಅಲ್ಲಿಂದ ತೆಗೆಯಲ್ಪಟ್ಟರೆ ಹಳೆಯ ಪತ್ರದಲ್ಲಿ ಖಾಲಿ ಚೌಕ ಮಾತ್ರ ಉಳಿಯುತ್ತದೆ.

4. ಎಲ್ಲಕ್ಕಿಂತ ಗಂಭೀರವಾದುದು ವಂಚನೆ. ಕಣ್ಣಿಗೆ ಕಾಣುವ ಕೊಂಡಿ ಬ್ಯಾಂಕಿನದಾಗಿದ್ದು, ಒತ್ತಿದಾಗ ತೆರೆಯುವ ತಾಣ ಬೇರೆಯೇ ಆಗಿರುವಂತೆ ಮಾಡಲು ಎಚ್‌ಟಿಎಂಎಲ್‌ನಲ್ಲಿ ಸಾಧ್ಯ.

ಕಾನೂನಿನ ದೃಷ್ಟಿ

ಇ-ಮೇಲನ್ನು ಲಘುವಾಗಿ ಪರಿಗಣಿಸಲಾಗದು. ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ, ಇ-ಮೇಲ್ ವಿನಿಮಯದಿಂದಲೇ ಒಪ್ಪಂದವು ಏರ್ಪಟ್ಟಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರವನ್ನು ಬೇಡುತ್ತದೆ. ಆದ್ದರಿಂದ ಮುದ್ರಿತ ಪ್ರತಿಯನ್ನಷ್ಟೇ ನೆಚ್ಚದೆ ಮೂಲ ಸಂದೇಶವನ್ನೂ ಕಾಯ್ದಿಡಬೇಕು.

ಪಾಲಿಸಬೇಕಾದ ಕ್ರಮ

ಪ್ರಚಾರಪತ್ರ, ಉತ್ಪನ್ನ ಪರಿಚಯಗಳಿಗೆ ಎಚ್‌ಟಿಎಂಎಲ್ ಬಳಸಿರಿ. ದರ, ಪ್ರಮಾಣ, ವಾಯಿದೆ, ಷರತ್ತುಗಳನ್ನು ಪತ್ರದ ಆರಂಭದಲ್ಲೇ ಪೂರ್ಣ ವಾಕ್ಯಗಳಲ್ಲಿ ಬರೆಯಿರಿ: "ಹಿಂದಿನ 455 ರೂ. ದರ ರದ್ದಾಗಿದೆ, ಇನ್ನು ಮುಂದೆ ದರ 480 ರೂ." ಬಣ್ಣ, ಅಡ್ಡಗೆರೆಗಳಿಗೆ ಅರ್ಥದ ಹೊಣೆ ಹೊರಿಸಬೇಡಿರಿ. ದೀರ್ಘ ಕೋಷ್ಟಕವನ್ನು ಪಿಡಿಎಫ್ ರೂಪದಲ್ಲಿ ಲಗತ್ತಿಸಿರಿ. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಎಷ್ಟೇ ಅಂದವಾಗಿದ್ದರೂ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬೇಡಿರಿ. ಮೋಸ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸತಕ್ಕದ್ದು.

ಹಿಂದೆ ನಮ್ಮ ಹಿರಿಯರು ಖಾತೆಯಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುತ್ತಿದ್ದರು. ಆ ಎಚ್ಚರಿಕೆ ಇ-ಮೇಲಿಗೂ ಸಲ್ಲುತ್ತದೆ.